ನೋವಿದ್ದ ಜಾಗ

1988ರ ಮಾರ್ಚ್ 9, ಬುಧವಾರ, ಬೆಳಿಗ್ಗೆ ಎಂಟು ಗಂಟೆ ಐವತ್ತು ನಿಮಿಷ, ತಂತಿಬೇಲಿಯ ಆಚೆ ಉದ್ದ ಕಾಲಿನ ಎರಡು ಬೂದು ಕೊಕ್ಕರೆಗಳು ಒದ್ದೆ ಹುಲ್ಲಿನಲ್ಲಿ ಏನನ್ನೋ ಹೆಕ್ಕುತ್ತ ಒಂದೊಂದೇ ಹೆಜ್ಜೆ ಎತ್ತಿಡುತ್ತಿವೆ, ಅವಕ್ಕೆ ಅವಸರವಿಲ್ಲ, ಅವುಗಳ ವೇಗವನ್ನು ಯಾರೂ ಅಳೆಯುವುದಿಲ್ಲ — ಹೋಬ್ ಸ್ಟಾನ್ಸಿಕ್ ಅವನ್ನು ನೋಡುತ್ತಲೇ ಬಲಗೈಯ ತೋರುಬೆರಳಿನ ಉಗುರನ್ನು ಸಣ್ಣ ಅರದಿಂದ ತೀಡುತ್ತಿದ್ದ, ಒಂದೇ ದಿಕ್ಕಿಗೆ, ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಉಗುರು ಪದರು ಬಿಡುತ್ತದೆ, ತೋರುಬೆರಳು ಆಯಿತು, ಇನ್ನು ನಡುಬೆರಳು, ಈ ಎರಡು ಉಗುರುಗಳ ಮೇಲೆ ಒಂದು ಸಂಸಾರ ನಡೆದಿದೆ, ಇಪ್ಪತ್ತೆರಡು ವರ್ಷಗಳಿಂದ ಹೆಂಡತಿ ಲೊರೀನ್ ಅವನಿಗೆ ಒಂದು ಶೀಸೆಯ ಮುಚ್ಚಳವನ್ನೂ ತೆಗೆಯಲು ಬಿಟ್ಟಿಲ್ಲ, ಮದುವೆಯಾದ ಹೊಸತರಲ್ಲಿ ಅವಳ ತಂದೆ ಊಟದ ಮೇಜಿನ ಮುಂದೆ ನಕ್ಕಿದ್ದರು, ಏನಮ್ಮಾ, ನಿನ್ನ ಗಂಡ ಉಗುರಿಗೆ ಬಣ್ಣ ಹಚ್ಕೋತಾನಂತೆ, ಬಣ್ಣ ಅಲ್ಲ ಅಪ್ಪಾ, ಗಟ್ಟಿ ಆಗೋಕೆ ಅದೇನೋ ಎಣ್ಣೆ, ನೀವೂ ಹಚ್ಕೊಳ್ಳಿ, ತಲೆಗೆ. ಒಂಬತ್ತಕ್ಕೆ ಲಿಂಡಾಲ್ ಬರುತ್ತಾನೆ. ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಪಿಚರ್‌ಗಳ ಕೋಚ್, ಮೂವತ್ತನಾಲ್ಕು ವರ್ಷ, ಹೋಬ್‌ಗಿಂತ ಹನ್ನೊಂದು ವರ್ಷ ಚಿಕ್ಕವನು, ಕೈಯಲ್ಲಿ ಹೆಂಗಸರು ಕೂದಲು ಒಣಗಿಸುವ ಯಂತ್ರದಂಥ ಆ ರೇಡಾರ್ ಗನ್, ಅದನ್ನು ಚೆಂಡಿನತ್ತ ಹಿಡಿದರೆ ಅದರ ಬೆನ್ನಿನಲ್ಲಿ ವೇಗ ಕೆಂಪಗೆ ಮೂಡುತ್ತದೆ. ನಿನ್ನೆ ಮ್ಯಾನೇಜರ್ ಕರೆಸಿಕೊಂಡಿದ್ದರು, ಬಾಗಿಲು ಮುಚ್ಚಲಿಲ್ಲ, ಮುಚ್ಚಿದರೆ ಕೆಲಸ ಹೋಯಿತೆಂದು ಅರ್ಥ, ತೆರೆದಿದ್ದರೆ ಇನ್ನೂ ಜೀವವಿದೆ — ಹೋಬ್, ನಾಳೆ ಬೆಳಿಗ್ಗೆ ಇಪ್ಪತ್ತು ಎಸೆದು ತೋರ್ಸು, ಲಿಂಡಾಲ್ ನೋಡ್ತಾನೆ, ವಿಲ್ಫ್ರೆಡೊ ಹಿಡೀತಾನೆ, ನಿನ್ನ ಆ ತಿರುಗದ ಚೆಂಡು, ನಕಲ್‌ಬಾಲ್, ಇನ್ನೂ ಇದೆ ಅಂತ ವಿಲ್ಫ್ರೆಡೊ ಹೇಳಿದ್ರೆ ನೀನು ಇರ್ತೀಯ, ಇಲ್ಲ ಅಂದ್ರೆ ಮಧ್ಯಾಹ್ನ ಅಂಟಿಸೋ ತಂಡದ ಪಟ್ಟಿಯಲ್ಲಿ ನಿನ್ನ ಹೆಸರಿರಲ್ಲ, ನನಗೇನು ಇದು ಖುಷೀನಾ ಹೇಳು. ಇಲ್ಲ ಸಾರ್, ಎಂದಿದ್ದ ಹೋಬ್, ತನಗಿಂತ ಎರಡೇ ವರ್ಷ ದೊಡ್ಡವರಾದ ಮನುಷ್ಯನಿಗೆ ಸಾರ್ ಎಂದಿದ್ದ, ಭಯವಾದಾಗ ಅವನ ಬಾಯಿಗೆ ಬರುವುದು ಅದೇ.

ತಮಾಷೆಯೆಂದರೆ ಅವನ ಭುಜ ಈಗ ಚೆನ್ನಾಗಿದೆ, ಅದೇ ತೊಂದರೆ. ಎಂಟು ವರ್ಷ ಅಲ್ಲೊಂದು ಮೂಳೆಯ ಮುಳ್ಳು ಬೆಳೆದಿತ್ತು, ಕೈ ಕಿವಿಯ ಮಟ್ಟಕ್ಕೆ ಏರುತ್ತಲೇ ಯಾರೋ ಒಳಗಿನಿಂದ ಇಕ್ಕಳದಲ್ಲಿ ಹಿಡಿದಂತೆ, ಅಂಗಿ ತೊಡುವಾಗ ಬಲತೋಳು ಮೊದಲು, ತಲೆ ಬಾಚುವುದು ಎಡಗೈಯಲ್ಲಿ, ಅಕ್ಟೋಬರ್‌ನಲ್ಲಿ ಡಾಕ್ಟರು ಕೊಯ್ದು ತೆಗೆದು ಪುಟ್ಟ ಶೀಸೆಯಲ್ಲಿ ಹಾಕಿ ತೋರಿಸಿದರು, ಜೋಳದ ಕಾಳಿನಷ್ಟಿತ್ತು, ಇಷ್ಟಕ್ಕೇನಾ, ಎಂದಳು ಲೊರೀನ್, ಇಷ್ಟಕ್ಕೇ ಎಂಟು ವರ್ಷ ಹಾಸಿಗೆಯಲ್ಲಿ ನನ್ನ ಕಡೆ ತಿರುಗಿ ಮಲಗ್ಲಿಲ್ವಾ, ನಗುತ್ತಲೇ ಕಣ್ಣು ಒರೆಸಿಕೊಂಡಳು. ಚಳಿಗಾಲವೆಲ್ಲ ಅವನು ಹಬ್ಬದ ಮನೆಯ ಹುಡುಗನಂತಿದ್ದ, ಅಟ್ಟದ ಬಲ್ಬು ಬದಲಿಸಿದ, ಅಗತ್ಯವಿಲ್ಲದಿದ್ದರೂ ಮತ್ತೊಮ್ಮೆ ಬದಲಿಸಿದ, ಫೆಬ್ರವರಿಯಲ್ಲಿ ಈ ಫ್ಲಾರಿಡಾದ ಶಿಬಿರಕ್ಕೆ ಬಂದು ಮೊದಲ ಚೆಂಡು ಎಸೆದಾಗ ಕೈ ತಾನಾಗಿ ಎತ್ತರಕ್ಕೆ ಹೋಯಿತು, ಚಾವಟಿಯಂತೆ ಇಳಿಯಿತು, ಲಿಂಡಾಲ್ ಗನ್ ನೋಡಿ ಕುಣಿದಾಡಿಬಿಟ್ಟ, ಎಪ್ಪತ್ನಾಲ್ಕು, ನಲವತ್ತೈದು ವರ್ಷದ ಮನುಷ್ಯ ಎಪ್ಪತ್ನಾಲ್ಕು ಮೈಲಿ, ಹೋದ ವರ್ಷಕ್ಕಿಂತ ಹನ್ನೆರಡು ಜಾಸ್ತಿ! ಎಲ್ಲರೂ ಬೆನ್ನು ತಟ್ಟಿದರು, ಹೋಬ್ ಕೂಡ ನಕ್ಕ, ಆದರೆ ಆ ಚೆಂಡು ಹೋಗುವಾಗ ಅದರ ಕೆಂಪು ಹೊಲಿಗೆ ಮೇಲೆ ಬಂತು, ಮರೆಯಾಯಿತು, ಮತ್ತೆ ಬಂತು, ಅವನು ಎಣಿಸಿದ, ಐದು ಸುತ್ತು. ಐದು. ಬೇರೆ ಯಾರಾದರೂ ಎಸೆದಿದ್ದರೆ ಸರಿ, ಉಳಿದವರೆಲ್ಲ ಚೆಂಡನ್ನು ತಿರುಗಿಸಿಯೇ ಬದುಕುತ್ತಾರೆ, ನಕಲ್‌ಬಾಲ್ ಎಸೆಯುವವನು ಚೆಂಡು ತಿರುಗದಂತೆ ಬದುಕಬೇಕು, ಉಗುರು ಊರಿ ಹಿಡಿದು, ಮಣಿಕಟ್ಟು ಬಗ್ಗಿಸದೆ ಮೆಲ್ಲಗೆ ತಳ್ಳಬೇಕು, ತಿರುಗದ ಚೆಂಡಿನ ಹೊಲಿಗೆ ಗಾಳಿಗೆ ಎಲ್ಲಿ ತಾಗಿತೋ ಅದರ ಪ್ರಕಾರ ಅದು ವಾಲುತ್ತದೆ, ಎಡಕ್ಕೋ, ಬಲಕ್ಕೋ, ದಿಢೀರನೆ ಕೆಳಕ್ಕೋ, ಎಸೆದವನಿಗೂ ಗೊತ್ತಿಲ್ಲ, ಹಿಡಿಯುವವನಿಗೂ ಗೊತ್ತಿಲ್ಲ, ಹೊಡೆಯುವವನಿಗಂತೂ ಇಲ್ಲವೇ ಇಲ್ಲ. ಎಸೆಯುವ ದಿಬ್ಬದಿಂದ ಹೊಡೆಯುವವನವರೆಗೆ ಅರವತ್ತು ಅಡಿ ಆರು ಇಂಚು, ಆ ದಾರಿಯಲ್ಲಿ ಒಂದು ಸುತ್ತು ತಿರುಗಿದರೆ ಸೈ, ಎರಡಾದರೆ ಅನುಮಾನ, ಐದಾದರೆ ಅದು ಬರಿಯ ನಿಧಾನದ ಚೆಂಡು, ಹೊಡೆಯುವವನನ್ನು ಕರೆದು ಎಲೆ ಹಾಕಿ ಕೂರಿಸಿದಂತೆ. ಶನಿವಾರದ ಪಂದ್ಯದಲ್ಲಿ ಅವರು ಚೆನ್ನಾಗಿಯೇ ಉಂಡರು, ಮೂರು ಚೆಂಡು ಬೇಲಿ ದಾಟಿದವು, ಒಂದು ಹೊರಗೆ ನಿಂತಿದ್ದ ಕಿತ್ತಳೆ ಲಾರಿಯೊಳಗೆ ಬಿತ್ತು, ಲಾರಿಯವನು ಅದನ್ನು ಹಣ್ಣಿನ ಜೊತೆಗೇ ತೆಗೆದುಕೊಂಡು ಹೋದನಂತೆ, ನಾಲ್ಕನೆಯದಕ್ಕೆ ಮುಂಚೆ ಮ್ಯಾನೇಜರ್ ದಿಬ್ಬಕ್ಕೆ ಬಂದು ಕೈ ಚಾಚಿದರು, ಹೋಬ್ ಅವರ ಅಂಗೈಗೆ ಚೆಂಡನ್ನಿಟ್ಟು ಹೊರಟ, ಒಂದಿಷ್ಟೂ ನೋವಿರಲಿಲ್ಲ, ಎಲ್ಲಿಯೂ.

ಏನ್ ಮುದುಕಪ್ಪಾ, ನಿದ್ದೆ ಬಂತಾ — ವಿಲ್ಫ್ರೆಡೊ ಕಾನ್ಸೆಲ್ ಬೇಲಿಯ ಬಾಗಿಲನ್ನು ಮೊಣಕಾಲಿನಿಂದ ತಳ್ಳಿಕೊಂಡು ಬಂದ, ಪೋರ್ಟೊರಿಕೊದವನು, ಏಳು ವರ್ಷದಿಂದ ಹೋಬ್‌ನ ಕ್ಯಾಚರ್, ಎದೆಗೆ ಕಟ್ಟಿದ ದಿಂಡು ಸಡಿಲವಾಗಿ ನೇತಾಡುತ್ತಿದೆ, ಬಗಲಲ್ಲಿ ಮೊರದಷ್ಟು ಅಗಲದ ಗ್ಲೌಸ್, ಅದನ್ನು ಅವನು ಹೋಬ್‌ನ ಚೆಂಡಿಗೆಂದೇ ಮಾಡಿಸಿಕೊಂಡದ್ದು, ಬೇರೆ ಯಾರು ಎಸೆದರೂ ಅದನ್ನು ಮುಟ್ಟುವುದಿಲ್ಲ. ಬಂತಪ್ಪ, ನಿನ್ನ ಕನಸು ಬಿತ್ತು, ಹೆದರಿ ಎದ್ಬಿಟ್ಟೆ. ನೋಡು, ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಅವರು ನನ್ನ ಕೇಳ್ತಾರೆ, ನಾನು ಸುಳ್ಳು ಹೇಳಲ್ಲ. ಹೇಳ್ಬೇಡ. ನನ್ನ ಮಗಳ ಜ್ಞಾನಸ್ನಾನದ ದಿನ ಮಗೂನ ಎತ್ಕೊಂಡು ನಿಂತೋನು ನೀನು, ಆದ್ರೂ ಹೇಳಲ್ಲ. ಗೊತ್ತು ಕಣೋ, ಹೋಗಿ ಕೂತ್ಕೋ. ವಿಲ್ಫ್ರೆಡೊ ಹೋಗಿ ನೆಲದಲ್ಲಿ ಹೂತ ಬಿಳಿ ಹಲಗೆಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತ, ಅವನ ಬಲಗೈಯ ಕಿರುಬೆರಳು ಒಂದು ಕಡೆ, ಉಂಗುರದ ಬೆರಳು ಇನ್ನೊಂದು ಕಡೆ, ಎರಡನ್ನೂ ಮುರಿದದ್ದು ಹೋಬ್‌ನ ಚೆಂಡುಗಳೇ, ಒಂದು ಕ್ಲೀವ್‌ಲ್ಯಾಂಡ್‌ನಲ್ಲಿ, ಒಂದು ಮಿಲ್ವಾಕೀಯಲ್ಲಿ, ಮಿಲ್ವಾಕೀಯಲ್ಲಿ ಮಂಜುಗಡ್ಡೆಯ ಬಕೀಟಿನೊಳಗೆ ಕೈಯಿಟ್ಟುಕೊಂಡು ಅವನು ಹೋಬ್‌ನ ಏಳು ತಲೆಮಾರನ್ನು ಬೈದಿದ್ದ, ಬೈಯುತ್ತಲೇ ಮುಂದಿನ ಭಾನುವಾರ ಊಟಕ್ಕೆ ಕರೆದಿದ್ದ. ಲಿಂಡಾಲ್ ಬಂದ, ಗುಡ್ ಮಾರ್ನಿಂಗ್ ಹೋಬ್, ರೆಡಿನಾ, ಭುಜ ಹೇಗಿದೆ, ಅವನ ದನಿಯಲ್ಲಿ ಕಪಟವಿಲ್ಲ, ಒಳ್ಳೆಯವನು, ಕಾಲೇಜಿನಲ್ಲಿ ಓದಿದವನು, ಜೋರಾಗಿ ಎಸೆದಷ್ಟೂ ಒಳ್ಳೆಯದೆಂದು ಅವನ ಪುಸ್ತಕದಲ್ಲಿ ಬರೆದಿದೆ, ಆ ಪುಸ್ತಕದಲ್ಲಿ ಹೋಬ್‌ನಂಥವರಿಗೆ ಪುಟವಿಲ್ಲ.

ಮೊದಲನೆಯದು ಎಪ್ಪತ್ಮೂರು. ಸೂಪರ್ ಹೋಬ್, ಎಂದ ಲಿಂಡಾಲ್. ಎರಡನೆಯದು ಎಪ್ಪತ್ನಾಲ್ಕು. ಟಪ್, ಟಪ್, ಗ್ಲೌಸಿನ ನಡುಮಧ್ಯಕ್ಕೆ ಬಿದ್ದ ಚೆಂಡಿನ ಶುದ್ಧ ಸದ್ದು, ಏಳು ವರ್ಷದಲ್ಲಿ ಹೋಬ್ ಈ ಸದ್ದನ್ನು ಹೆಚ್ಚು ಕೇಳಿಲ್ಲ, ಅವನ ಚೆಂಡು ಗ್ಲೌಸಿನ ಅಂಚಿಗೆ ಬಡಿಯುತ್ತಿತ್ತು, ಮಣಿಕಟ್ಟಿಗೆ ಬಡಿಯುತ್ತಿತ್ತು, ಮುಖದ ಜಾಲರಿಗೆ ಬಡಿದು ಠಣ್ ಎನ್ನುತ್ತಿತ್ತು, ಹೀಗೆ ಅಂಗಡಿಯ ತಕ್ಕಡಿಯಲ್ಲಿಟ್ಟಂತೆ ಹೋಗಿ ಕೂರುತ್ತಿರಲಿಲ್ಲ. ಮೂರು, ನಾಲ್ಕು, ಐದು, ವಿಲ್ಫ್ರೆಡೊ ಹಿಡಿಯುತ್ತಾನೆ, ಹಿಂದಕ್ಕೆ ಎಸೆಯುತ್ತಾನೆ, ಹಿಡಿಯುತ್ತಾನೆ, ಎಸೆಯುತ್ತಾನೆ, ಒಂದು ಬೈಗುಳವಿಲ್ಲ, ಒಂದು ಮಾತಿಲ್ಲ, ವಿಲ್ಫ್ರೆಡೊ ಸಭ್ಯನಾದನೆಂದರೆ ಕಥೆ ಮುಗಿಯಿತು. ನಿಧಾನ ಮಾಡು, ನಿಧಾನ, ಆರನೆಯದನ್ನು ಬೇಕೆಂದೇ ಕೈ ಬಿಗಿಹಿಡಿದು ಎಸೆದ, ಅದು ಬಾವಲಿಯಂತೆ ಮೇಲೆದ್ದು ಉರುಳುರುಳುತ್ತ ಹೋಯಿತು, ಐವತ್ತೆಂಟು, ಆರು ಸುತ್ತು, ಲಿಂಡಾಲ್ ಗನ್ನನ್ನು ಅಲುಗಾಡಿಸಿ ನೋಡಿದ, ಹೋಬ್ ಏನಾಯ್ತು, ನೋವಾ, ಇಲ್ಲ, ನೋವಿಲ್ಲ, ನೋವಿಲ್ಲವಲ್ಲ ಅದೇ. ನಿಧಾನವೂ ಅಲ್ಲ ಹಾಗಾದರೆ. ಲುಡ್ವಿಕ್ ಮಾವನಿಗೆ ನಿನ್ನೆ ಸಂಜೆ ಫೋನ್ ಮಾಡಿದ್ದ, ಮೋಟೆಲ್‌ನ ಮುಂದಿನ ಡಬ್ಬಿಯಿಂದ, ತಾಯಿಯ ತಮ್ಮ, ಎಪ್ಪತ್ತಾರು ವರ್ಷ, ಒಹಾಯೊ ನದಿಯ ದಂಡೆಯ ಗಾಜಿನ ಕಾರ್ಖಾನೆಯಲ್ಲಿ ದುಡಿದು ದುಡಿದು ಬೆರಳ ತುದಿಗಳು ಗೊರಸಿನಂತಾಗಿವೆ, ಸಿಗರೇಟಿನ ಕೆಂಡವನ್ನು ಚಿಟಿಕೆಯಲ್ಲಿ ಆರಿಸುತ್ತಾನೆ, ಈ ಚೆಂಡನ್ನು ಕಲಿಸಿದವನು ಅವನೇ, ಇಪ್ಪತ್ತಮೂರರ ಹೋಬ್ ಕೆಳದರ್ಜೆಯ ತಂಡದಿಂದ ಹೊರಬಿದ್ದು ಚೀಲ ಹೊತ್ತು ಮನೆಗೆ ಬಂದ ಭಾನುವಾರ, ಇಗರ್ಜಿ ಮುಗಿಸಿ ಬಂದು ಹಿತ್ತಿಲಿನಲ್ಲಿ, ಅಮ್ಮ ಗಸಗಸೆಯ ರೊಟ್ಟಿ ಸುತ್ತುತ್ತ ಕಿಟಕಿಯಿಂದ ಕೂಗುತ್ತಿದ್ದಳು, ಲುಡ್ವಿಕ್, ಹಾಳು ಮಾಡ್ಬೇಡ ಅವನ್ನ, ಗಣಿಗಾದ್ರೂ ಹೋಗ್ಲಿ — ಜೋರಾಗಿ ಎಸಿಯಕ್ಕೆ ಬರಲ್ವಾ ನಿನಗೆ, ಎಂದಿದ್ದ ಮಾವ, ಒಳ್ಳೇದಾಯ್ತು ಬಿಡು, ಇನ್ಮೇಲೆ ಎಸೀಲೇಬೇಡ, ಕಳ್ಸು. ಕಳ್ಸೋದಂದ್ರೆ ಹೇಗೆ ಮಾವ. ಅಕ್ಕನ ಮನೆಗೆ ತಟ್ಟೇಲಿ ತಿಂಡಿ ಕಳಿಸ್ತಾರಲ್ಲ ಹಾಗೆ, ಚೆಲ್ಲದ ಹಾಗೆ.

ನಿನ್ನೆ ಫೋನಿನಲ್ಲಿ ಮಾವ ಬಹಳ ಹೊತ್ತು ಕೆಮ್ಮಿದ, ಆಮೇಲೆ ಕೇಳಿದ, ನೋವಿತ್ತಲ್ಲ, ಆಗ ಏನ್ ಮಾಡ್ತಿದ್ದೆ. ಏನ್ ಮಾಡೋದು, ಕಿವಿ ಹತ್ರ ಬಂದ ತಕ್ಷಣ ಕೈ ನಿಂತ್ಬಿಡೋದು, ಅಲ್ಲಿಂದ ತಳ್ತಿದ್ದೆ. ಈಗ. ಈಗ ನಿಲ್ಲೋದಿಲ್ಲ ಮಾವ, ಹೋಗ್ತಾನೇ ಇರುತ್ತೆ, ನೋವಿಗೆ ಮುಂಚೆ ಹೇಗೆ ಎಸೀತಿದ್ದೆ ಅನ್ನೋದೂ ಕೈಗೆ ಮರೆತುಹೋಗಿದೆ. ಹಾಗಾದ್ರೆ ನಿಲ್ಸು. ಎಲ್ಲಿ ಅಂತ ಹೇಗೆ ಗೊತ್ತಾಗುತ್ತೆ, ನೋವೇ ಇಲ್ವಲ್ಲ. ನನಗೇನ್ ಗೊತ್ತೋ ಪೆದ್ದೆ, ನಿನ್ನ ಭುಜ, ಊಟ ಆಯ್ತಾ. ಆಯಿತು ಎಂದ, ಆಗಿರಲಿಲ್ಲ. ಏಳನೆಯದು ಎಪ್ಪತ್ತೆರಡು, ಟಪ್. ಎಂಟು, ಟಪ್. ಒಂಬತ್ತು, ಲಿಂಡಾಲ್ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದಾನೆ, ತಲೆದೂಗುತ್ತಿದ್ದಾನೆ, ಅವನ ಪ್ರಕಾರ ಎಲ್ಲ ಚೆನ್ನಾಗಿ ನಡೆದಿದೆ, ವಿಲ್ಫ್ರೆಡೊ ಮಾತ್ರ ತಲೆ ಎತ್ತುತ್ತಿಲ್ಲ, ಹತ್ತನೆಯದನ್ನು ಅವನು ಗ್ಲೌಸ್ ಕದಲಿಸದೆಯೇ ಹಿಡಿದ, ಹನ್ನೊಂದು, ಬಟಾಣಿ ಬಿಡಿಸುವ ಮುದುಕಿಯ ಹಾಗೆ ಬೇರೆಲ್ಲೋ ನೋಡುತ್ತ ಹಿಡಿದ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನು, ನಲವತ್ತೈದು ವರ್ಷ, ಜನ ಆಟ ಬಿಟ್ಟುಹೋಗುವ ವಯಸ್ಸೇ, ಮನೆ ಇದೆ, ಲೊರೀನ್ ಇದ್ದಾಳೆ, ಇನ್ನು ಮೇಲೆ ಮುಚ್ಚಳ ತೆಗೆಯಬಹುದು, ಬೇಕಾದಷ್ಟು ಶೀಸೆ — ಬೇಡ, ಹಾಗಲ್ಲ, ತಿರುಗದ ಚೆಂಡು ಕೈಯಿಂದ ಹೊರಡುವಾಗ ಬೆರಳಿಗೆ ಏನೂ ತಿಳಿಯುವುದಿಲ್ಲ, ಹಕ್ಕಿ ಹಾರಿಹೋದ ಟೊಂಗೆಗೆ ತಿಳಿಯುವಷ್ಟೂ ತಿಳಿಯುವುದಿಲ್ಲ, ಅದೊಂದು ಅವನಿಗೆ ಬೇಕು, ಇನ್ನೊಂದು ವರ್ಷ, ಹೋಗಲಿ ಇನ್ನೊಂದು ಸಲ, ಮುಪ್ಪು ಬಂದು ಬಿಟ್ಟರೆ ಬಿಟ್ಟೇನು, ಗುಣವಾದದ್ದಕ್ಕೆ ಬಿಡುವುದು ಯಾವ ನ್ಯಾಯ. ಹನ್ನೆರಡು. ಟಪ್. ಅವನು ದಿಬ್ಬದ ಹಿಂದಕ್ಕೆ ಇಳಿದು ಬೂಟಿನ ಮುಳ್ಳಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆದರಿದ, ಕೆದರುವುದಕ್ಕೆ ಏನೂ ಇರಲಿಲ್ಲ, ಬಗ್ಗಿದಾಗ ಮಾವನ ಮನೆಯ ನೆಲಮಾಳಿಗೆಯ ಬಾಗಿಲು ನೆನಪಾಯಿತು, ಯಾಕೆ ಬಂತೋ, ಐದಡಿ ಎತ್ತರದ ಬಾಗಿಲು, ಮಾವನ ಹಣೆಯ ಮೇಲೆ ಸದಾ ಒಂದು ಗಂಟು, ಕೊನೆಗೆ ಅತ್ತೆ ಮೇಸ್ತ್ರಿಯನ್ನು ಕರೆಸಿ ಚೌಕಟ್ಟನ್ನು ಒಂದಡಿ ಎತ್ತರಿಸಿದಳು, ಹದಿನೈದು ವರ್ಷವಾಯಿತು, ಮಾವ ಈಗಲೂ ಅಲ್ಲಿ ಬಗ್ಗಿಯೇ ಇಳಿಯುತ್ತಾನೆ, ಕತ್ತಲಲ್ಲೂ, ಎರಡು ಕೈಯಲ್ಲಿ ಆಲೂಗೆಡ್ಡೆಯ ಬುಟ್ಟಿ ಹಿಡಿದುಕೊಂಡೂ, ಅತ್ತೆ ಬೈಯುತ್ತಾಳೆ, ಯಾಕ್ರೀ ಬಗ್ತೀರಾ, ತಾಗಲ್ಲ, ಅವನಿಗೆ ಬಗ್ಗಿದ್ದೇ ಗೊತ್ತಿಲ್ಲ, ಮರದ ತೊಲೆ ಹೋಯಿತು, ಆದರೆ ತೊಲೆ ಇದ್ದ ಜಾಗ ಅವನ ಬೆನ್ನಿಗೆ ಗೊತ್ತು, ಅಂಗುಲ ತಪ್ಪದೆ ಗೊತ್ತು.

ಹೋಬ್ ಮೇಲೆ ಬಂದ. ಏನಪ್ಪಾ, ದೇವರಿಗೆ ಹರಕೆ ಹೊತ್ಕೊಂಡ್ಯಾ, ಲಿಂಡಾಲ್ ಕೇಳಿದ, ಇನ್ನೂ ಎಂಟಿದೆ. ಎಂಟು ಸಾಕು. ಚೆಂಡು ಹಿಡಿಯದೆಯೇ ಕೈಯನ್ನು ಮೆಲ್ಲಗೆ ಎತ್ತಿದ, ಸೊಂಟ, ಎದೆ, ಗಲ್ಲ, ಕಣ್ಣು ಮುಚ್ಚಿಕೊಂಡ, ಬೇರೆಯವರು ಏನೆಂದುಕೊಂಡರೂ ಸರಿ, ಕಿವಿಯ ಕೆಳಗೆ ಇನ್ನೂ ಸ್ವಲ್ಪ, ಅಲ್ಲಿ, ಅಲ್ಲೇ ಅದು ಹಿಡಿಯುತ್ತಿದ್ದದ್ದು, ಈಗ ಅಲ್ಲಿ ಏನೂ ಇಲ್ಲ, ಕಿತ್ತ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುವಂತೆ ಕೈ ಅಲ್ಲಿಗೆ ಹೋಗಿ ತಡವಿತು, ಇಲ್ಲದ ನೋವನ್ನು ತಡವಿತು, ಮುಖ ತಾನಾಗಿ ಕಿವುಚಿತು, ಎಂಟು ವರ್ಷ ಕಿವುಚಿದ ಮುಖ, ದವಡೆ ಬಿಗಿಯಿತು, ಎಡಹೆಜ್ಜೆ ಗಿಡ್ಡವಾಯಿತು, ಓ, ಹೆಜ್ಜೆಯೂ ಗಿಡ್ಡವಿತ್ತಲ್ಲವೆ, ಅದು ಮರೆತೇ ಹೋಗಿತ್ತು. ಹದಿಮೂರನೆಯದು, ಅಲ್ಲಿ ಹೆದರಿ ನಿಂತ ಕೈಯಿಂದ, ತಳ್ಳಿದ, ಮೂರು ಸುತ್ತು. ಟಪ್ ಎನ್ನಲಿಲ್ಲ, ಟಪ ಎಂದಿತು, ಅಂಚಿಗೆ ತಾಗಿತ್ತು. ಹದಿನಾಲ್ಕು, ಎರಡೂವರೆ. ಹದಿನೈದು, ಆಸೆಯಾಯಿತು, ಆಸೆಪಟ್ಟ ಕೂಡಲೇ ಕೈ ಮೇಲಕ್ಕೆ ಹೋಯಿತು, ಐದು, ಟಪ್, ಛೆ, ಆಸೆಪಡಬೇಡ, ಹೆದರಿಕೋ, ಎಂಟು ವರ್ಷ ಎಷ್ಟು ಚೆನ್ನಾಗಿ ಹೆದರಿದ್ದೆ, ಹದಿನಾರು, ಎರಡು, ವಿಲ್ಫ್ರೆಡೊ ಗ್ಲೌಸನ್ನು ಬಲಕ್ಕೆ ಒಯ್ದ, ಚೆಂಡು ಎಡಕ್ಕೆ ಬಂದಿತ್ತು, ಮತ್ತೆ ಎಳೆದು ತಂದು ಹಿಡಿದ, ಮೊದಲ ಸಲ ತಲೆ ಎತ್ತಿ ನೋಡಿದ. ಹದಿನೇಳು, ಒಂದೂವರೆ, ಅದು ಅರ್ಧ ದಾರಿಯಲ್ಲಿ ಏನನ್ನೋ ಮರೆತವರಂತೆ ತಡೆದು ಕೆಳಗೆ ಕುಸಿಯಿತು, ನೆಲಕ್ಕೆ ಬಡಿದು ವಿಲ್ಫ್ರೆಡೊನ ಮೊಣಕಾಲಿಗೆ ಹಾರಿತು, ಥೂ ನಿನ್ನ, ಎಂದ ವಿಲ್ಫ್ರೆಡೊ, ಮೆತ್ತಗೆ, ಅಭ್ಯಾಸ ತಪ್ಪಿದವನಂತೆ. ಹೋಬ್‌ಗೆ ಆ ಎರಡು ಶಬ್ದ ಸಾಲಲಿಲ್ಲ, ಇನ್ನೊಂದು ಸಲ ಬೈಯಿ ಮಾರಾಯ, ಬೈಯಿ. ಅರವತ್ಮೂರು, ಎಂದ ಲಿಂಡಾಲ್, ಹೋಬ್ ಸುಸ್ತಾಯ್ತಾ, ನಿಲ್ಸೋಣ್ವಾ, ಮೊದಲಿನ ಹನ್ನೆರಡೇ ಬರೀತೀನಿ ಬೇಕಾದ್ರೆ. ನಿಲ್ಸಬೇಡ ಲಿಂಡಾಲ್, ದಮ್ಮಯ್ಯ, ಅಲ್ಲೇ ನಿಂತಿರು.

ಹದಿನೆಂಟನೆಯದು ವಿಲ್ಫ್ರೆಡೊನ ಎದೆಯ ದಿಂಡಿಗೆ ಬಡಿಯಿತು, ಹತ್ತೊಂಬತ್ತನೆಯದು ಗ್ಲೌಸಿನ ಮೇಲೆ ಹಾರಿ ಮುಖದ ಜಾಲರಿಗೆ, ಠಣ್, ಅವನು ಹಿಂದಕ್ಕೆ ಕೂತುಬಿಟ್ಟ, ಕಾಲು ಚಾಚಿ, ಅಂಗಳದಲ್ಲಿ ಬಿದ್ದ ಕೂಸಿನಂತೆ, ಜಾಲರಿ ಕಿತ್ತೆಸೆದು ಬೈಯತೊಡಗಿದ, ಮುದಿಗೂಬೆ, ನಿನ್ನ ಕೈಗೆ ಹುಳ ಬೀಳ, ನಿನಗೆ ಕಲಿಸಿದ ಆ ನಿನ್ನ ಮಾವನ ಹೆಣ ಎತ್ತ, ನನ್ನ ಹಲ್ಲು ಕಿತ್ತು ಮಾಲೆ ಮಾಡಿ ಹಾಕ್ಕೋ, ಆಮೇಲೆ ತನ್ನ ಭಾಷೆಗೆ ಹೊರಳಿಕೊಂಡು ಒಂದಿಬ್ಬರು ಸಂತರನ್ನೂ ಒಳಗೆ ಎಳೆದ, ಮುಖವೆಲ್ಲ ನಗು, ಬೈಗುಳ ನಿಲ್ಲಲೊಲ್ಲದು, ಹೋಬ್ ಕೇಳುತ್ತ ನಿಂತ, ಏಳು ವರ್ಷ ಇದನ್ನು ಕೇಳಿದ್ದ, ಮಳೆ ಬಂದಂತೆ ಕೇಳಿದ. ಏಟಾಯ್ತಾ ವಿಲ್ಫ್ರೆಡೊ, ಎಂದು ಲಿಂಡಾಲ್ ಗಾಬರಿಯಿಂದ ಓಡಿದ. ಏಟಾಯ್ತಾ ಅಂತಾನೆ ಇವನು! ಹೋಗು, ನಿಮ್ಮ ಮ್ಯಾನೇಜರ್‌ಗೆ ಹೇಳು, ವಿಲ್ಫ್ರೆಡೊ ಕಾನ್ಸೆಲ್‌ಗೆ ಹಿಡಿಯಕ್ಕೆ ಆಗ್ಲಿಲ್ಲ ಅಂತ ಹೇಳು, ಅಷ್ಟು ಹೇಳಿದ್ರೆ ಸಾಕು, ಅವರಿಗೆ ಅರ್ಥ ಆಗುತ್ತೆ, ನಿನಗೆ ಆಗ್ದಿದ್ರೂ. ಮತ್ತೆ ಜಾಲರಿ ಹಾಕಿಕೊಂಡ, ಮತ್ತೆ ಕುಕ್ಕರುಗಾಲು, ಬಾ ಮುದುಕಪ್ಪಾ, ಇನ್ನೊಂದಿದೆ, ಕೊಲ್ಲು ನನ್ನ. ಬೇಕಾಗಿರಲಿಲ್ಲ ಇಪ್ಪತ್ತನೆಯದು, ಕೆಲಸ ಆಗಿಹೋಗಿತ್ತು, ಹೋಬ್‌ಗೆ ಅದು ಭುಜ ಇಳಿದದ್ದರಲ್ಲಿ, ಹೊಟ್ಟೆಯೊಳಗೆ ಹಸಿವು ಎದ್ದದ್ದರಲ್ಲಿ ಗೊತ್ತಾಗಿತ್ತು, ನಿನ್ನೆ ಸಂಜೆಯ ಊಟದ ಹಸಿವು ಈಗ, ಮೊಟ್ಟೆ, ಹುರಿದ ಆಲೂಗೆಡ್ಡೆ, ಎರಡು ತಟ್ಟೆ, ಆದರೂ ಉಗುರುಗಳನ್ನು ಚರ್ಮಕ್ಕೆ ಊರಿದ, ಕೈ ಎತ್ತಿದ, ಅದು ತನ್ನಷ್ಟಕ್ಕೆ ಆ ಜಾಗಕ್ಕೆ ಹೋಗಿ ಬಗ್ಗಿತು, ಅವನಿಗೆ ಬಗ್ಗಿದ್ದು ತಿಳಿಯಲಿಲ್ಲ, ಬಿಟ್ಟದ್ದೂ ತಿಳಿಯಲಿಲ್ಲ, ಬೆರಳಿನಲ್ಲಿ ಚೆಂಡಿರಲಿಲ್ಲ ಅಷ್ಟೆ, ಅದು ಎದುರಿನ ಗಾಳಿಯಲ್ಲಿತ್ತು, ಕೆಂಪು ಹೊಲಿಗೆ ಕುದುರೆಲಾಳದಂತೆ ಅವನ ಕಡೆಗೇ ತೆರೆದುಕೊಂಡು ನಿಂತಿತ್ತು, ಈಗ ಮರೆಯಾದೀತು, ಆಗಲಿಲ್ಲ, ನಿಂತಿತ್ತು, ಹೋಗುತ್ತಿತ್ತು, ನಿಂತೂ ಇತ್ತು, ಒಂದೊಂದು ಹೊಲಿಗೆಯನ್ನೂ ಎಣಿಸಬಹುದಿತ್ತು, ವಿಲ್ಫ್ರೆಡೊನ ಮೊರ ಮೇಲೆ ಹೋಯಿತು, ಕೆಳಗೆ ಬಂತು, ಕೆಂಪು ಲಾಳ ನಿಂತಿತ್ತು, ಬೇಲಿ, ಹುಲ್ಲು, ಬಿಸಿಲು ಎಲ್ಲ ಅದರ ಸುತ್ತ ಸರಿಯುತ್ತಿದ್ದವು, ಅದು ನಿಂತಿತ್ತು, ನಿಂತಿತ್ತು — ಲಿಂಡಾಲ್ ಗನ್ನಿನ ಬೆನ್ನು ನೋಡಿ, ಕಾಯಿಲೆಯವರಿಗೆ ಸುದ್ದಿ ಹೇಳುವವನ ದನಿಯಲ್ಲಿ ಓದಿದ. ಗಂಟೆಗೆ ಅರವತ್ತೊಂದು ಮೈಲಿ.